ಹುಲಿಪಟ್ಟೆಯ ಮರ, ಚಕಮಕಿಯ ಕಿಡಿ: ಅಮೆರಿಕದ ಹಳೆಯ ಉದ್ದ ಕೋವಿಯನ್ನು ಓದುವುದು ಹೇಗೆ?

2018ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಒಂದು ಹಳೆಯ ಕೋವಿ ಅಧಿಕಾರಿಗಳ ಕೈ ಸೇರಿತು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಅದನ್ನು ಹಳ್ಳಿಯ ಕಡೆ ಒಂದು ಕೊಟ್ಟಿಗೆಯಲ್ಲಿ ಮೊದಲು ಕಂಡಾಗ, ಇತ್ತೀಚೆಗೆ ಯಾರೋ ಮಾಡಿದ ನಕಲು ಎಂದೇ ತಿಳಿದಿದ್ದರಂತೆ. ಮನೆಗೆ ತಂದು ನಿಧಾನವಾಗಿ ನೋಡಿದ ಮೇಲೆ ಅದು ನಕಲಲ್ಲ ಎಂಬುದು ಹೊಳೆಯಿತು. ನಳಿಗೆಯ ಮೇಲೆ ಜೆ. ಕ್ರಿಶ್ಚಿಯನ್ ಓರ್ಟರ್ ಎಂಬ ಹೆಸರಿತ್ತು. ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬ ಊರು, 1775 ಎಂಬ ಇಸವಿ ಕೆತ್ತಿತ್ತು. 1971ರ ಅಕ್ಟೋಬರಿನಲ್ಲಿ ವ್ಯಾಲಿ ಫೋರ್ಜ್‌ನ ವಸ್ತುಸಂಗ್ರಹಾಲಯದಿಂದ ಕಳುವಾಗಿದ್ದ ಕೋವಿಯೇ ಅದು. 2019ರಲ್ಲಿ ಫಿಲಡೆಲ್ಫಿಯಾದ ಅಮೆರಿಕನ್ ಕ್ರಾಂತಿಯ ವಸ್ತುಸಂಗ್ರಹಾಲಯ ಅದನ್ನು ಮತ್ತೆ ಜನರ ಮುಂದಿಟ್ಟಿತು.

ಹಳೆಯ ವಸ್ತುಗಳಲ್ಲೇ ಕೈ ಪಳಗಿದವರೂ ಮೊದಲ ನೋಟಕ್ಕೆ ಅಸಲನ್ನು ನಕಲೆಂದುಕೊಳ್ಳಬಹುದಾದರೆ, ಉಳಿದವರು ಏನನ್ನು ನೋಡಿ ನಿರ್ಧರಿಸಬೇಕು? ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 2026ರ ಜುಲೈ 4ಕ್ಕೆ 250 ವರ್ಷ. ಆ ನೆಪದಲ್ಲಿ ಇಂಥ ಕೋವಿಗಳ ಮುಂದೆ ನಿಲ್ಲುವವರಲ್ಲಿ ಅಲ್ಲಿ ನೆಲೆಸಿದ ಕನ್ನಡಿಗರೂ, ಮಕ್ಕಳ ಮನೆಗೆ ಹೋದ ನಮ್ಮ ಊರಿನ ಅಪ್ಪ ಅಮ್ಮಂದಿರೂ ಇರುತ್ತಾರೆ. ಗಾಜಿನ ಹಿಂದೆ ಕಾಣುವುದು ಐದಡಿ ಉದ್ದದ ಒಂದು ಕಬ್ಬಿಣದ ಕೊಳವೆ ಮತ್ತು ಮರ. ಅದರಲ್ಲಿ ಓದುವುದಕ್ಕೆ ಎಷ್ಟಿದೆ ಎಂದು ಹೇಳಬೇಕೆಂದೇ ಈ ಬರಹ.

ಮಸ್ಕೆಟ್ ಬೇರೆ, ರೈಫಲ್ ಬೇರೆ

ಕೋವಿ ಎಂದರೆ ಎಲ್ಲ ಒಂದೇ ಎಂದು ಕಾಣಬಹುದು. ಆದರೆ 18ನೇ ಶತಮಾನದಲ್ಲಿ ಎರಡು ಜಾತಿಯ ಕೋವಿಗಳಿದ್ದವು. ಸೈನ್ಯದ ಮಸ್ಕೆಟ್ಟಿನ ನಳಿಗೆಯ ಒಳಮೈ ನುಣುಪು. ಗುಂಡು ನಳಿಗೆಗಿಂತ ತುಸು ಚಿಕ್ಕದು. ಮೇಲಿಂದ ಹಾಕಿದರೆ ಜಾರಿಕೊಂಡು ಇಳಿಯುತ್ತದೆ. ಹಾಗಾಗಿ ಬೇಗ ತುಂಬಬಹುದು. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಹಾರಿಸುತ್ತಿದ್ದ. ಆದರೆ ಸಡಿಲವಾಗಿ ಕುಳಿತ ಗುಂಡು ಹೊರಬೀಳುವಾಗ ಅತ್ತಿತ್ತ ಬಡಿದು, ಎತ್ತಲೋ ಹೋಗುತ್ತದೆ. ನೂರು ಗಜ ದಾಟಿದರೆ ಒಬ್ಬನೇ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಕಷ್ಟ.

ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಸಾಗುವ ತೋಡುಗಳಿರುತ್ತವೆ. ಮೊಳೆಸ್ಕ್ರೂವಿನ ಹೊರಮೈಯಲ್ಲಿರುವ ಸುತ್ತನ್ನು ಕೊಳವೆಯ ಒಳಮೈಗೆ, ಬಹಳ ನಿಧಾನವಾಗಿ ತಿರುಗುವಂತೆ ಹಾಕಿದ ಹಾಗೆ. ಈ ತೋಡುಗಳು ಗುಂಡಿಗೆ ಗಿರಕಿ ಕೊಡುತ್ತವೆ. ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಂತಿರುತ್ತದಲ್ಲ, ಗಿರಕಿ ಹೊಡೆಯುವ ಗುಂಡೂ ಹಾಗೆಯೇ ದಾರಿ ಬಿಡದೆ ಸಾಗುತ್ತದೆ. ನುರಿತ ಕೈಯಲ್ಲಿ ಇದು 200 ಗಜದ ಗುರಿಯನ್ನು ಮುಟ್ಟುತ್ತಿತ್ತು.

ಇದಕ್ಕೆ ತೆರಬೇಕಾದ ಬೆಲೆ ಸಮಯ. ಗುಂಡು ತೋಡುಗಳನ್ನು ಕಚ್ಚಬೇಕಾದರೆ ಬಿಗಿಯಾಗಿರಬೇಕು. ಅದಕ್ಕಾಗಿ ಕೊಬ್ಬು ಸವರಿದ ಬಟ್ಟೆಯ ಚೂರಿನಲ್ಲಿ ಗುಂಡನ್ನು ಸುತ್ತಿ, ಗಜ ಎಂಬ ಉದ್ದ ಕೋಲಿನಿಂದ ಒಳಗೆ ಜಡಿಯುತ್ತಿದ್ದರು. ನಿಮಿಷಕ್ಕೆ ಒಂದು ಹೊಡೆತವಾದರೆ ಹೆಚ್ಚು. ತುದಿಗೆ ಇರಿಯುವ ಅಲಗು, ಅಂದರೆ ಬಯೊನೆಟ್ ಸಿಕ್ಕಿಸಲೂ ಸಾಮಾನ್ಯವಾಗಿ ಬರುತ್ತಿರಲಿಲ್ಲ. ಅಮೆರಿಕದ ಕಾಂಗ್ರೆಸ್ 1775ರ ಜೂನ್ 14ರಂದು ರೈಫಲ್‌ಧಾರಿಗಳ ಹತ್ತು ತುಕಡಿಗಳನ್ನು ಕಟ್ಟಲು ಆಜ್ಞೆ ಮಾಡಿತು. ಪೆನ್ಸಿಲ್ವೇನಿಯಾದಿಂದ ಆರು, ಮೇರಿಲ್ಯಾಂಡ್ ಮತ್ತು ವರ್ಜೀನಿಯಾದಿಂದ ತಲಾ ಎರಡು. ಅಮೆರಿಕದ ಸೇನೆ ತನ್ನ ಹುಟ್ಟುಹಬ್ಬ ಆಚರಿಸುವುದು ಆ ದಿನವೇ. ಹಾಗಿದ್ದೂ ಬ್ರಿಟಿಷರ ವಿರುದ್ಧದ ಆ ಸ್ವಾತಂತ್ರ್ಯ ಯುದ್ಧದ ಬಹುಪಾಲನ್ನು ಹೊತ್ತದ್ದು ಮಸ್ಕೆಟ್ಟೇ. ರೈಫಲ್ ಮೊದಲಿಗೆ ಕಾಡಿನ ಬೇಟೆಗಾರನ ಸಲಕರಣೆ.

ಕಲ್ಲು ತಾಗಿ ಕಿಡಿ ಹಾರುವ ಕ್ಷಣ

ಚಕಮಕಿ ಕೋವಿಯ ಬಲಬದಿಯಲ್ಲಿರುವ ಯಂತ್ರವನ್ನು ಗಮನವಿಟ್ಟು ನೋಡಿ. ಹಿಂದಕ್ಕೆ ಬಾಗಿದ ಕತ್ತಿನ ಒಂದು ತುಂಡಿದೆ, ಅದು ಕುದುರೆ. ಅದರ ದವಡೆಯಲ್ಲಿ ಚರ್ಮದ ತುಣುಕಿನ ನಡುವೆ ಚಕಮಕಿ ಕಲ್ಲು ಕಚ್ಚಿಸಿರುತ್ತಾರೆ. ಎದುರಿಗೆ ನೆಟ್ಟಗೆ ನಿಂತ ಉಕ್ಕಿನ ತಗಡು. ಆ ತಗಡಿನ ಬುಡವೇ ಒಂದು ಪುಟ್ಟ ಬಟ್ಟಲಿನ ಮುಚ್ಚಳವೂ ಹೌದು. ಬಟ್ಟಲಿನಲ್ಲಿ ಒಂದು ಚಿಟಿಕೆ ನುಣ್ಣನೆಯ ಮದ್ದು. ಬಟ್ಟಲಿಗೂ ನಳಿಗೆಯ ಒಳಕ್ಕೂ ನಡುವೆ ದಬ್ಬಣದ ಮೊನೆ ತೂರುವಷ್ಟು ಕಿವಿ, ಅಂದರೆ ರಂಧ್ರ.

ಟ್ರಿಗರ್ ಎಳೆದಾಗ ಕುದುರೆ ಮುಂದಕ್ಕೆ ಎರಗಿ, ಕಲ್ಲು ಉಕ್ಕಿನ ತಗಡನ್ನು ಮೇಲಿಂದ ಕೆಳಕ್ಕೆ ಕೆರೆಯುತ್ತದೆ. ಕಿಡಿ ಕಲ್ಲಿನದಲ್ಲ, ಉಕ್ಕಿನದು. ಕಲ್ಲಿನ ಹರಿತ ಅಂಚು ಉಕ್ಕಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಸಿಪ್ಪೆಗಳನ್ನು ಎಬ್ಬಿಸುತ್ತದೆ. ಆ ಉಜ್ಜಾಟದ ಬಿಸಿಗೆ ಅವು ಗಾಳಿಯಲ್ಲಿ ಉರಿದುಹೋಗುತ್ತವೆ. ಅದೇ ಏಟಿಗೆ ಮುಚ್ಚಳ ತೆರೆದುಕೊಂಡು ಕಿಡಿ ಬಟ್ಟಲಿಗೆ ಬೀಳುತ್ತದೆ. ಬಟ್ಟಲಿನ ಮದ್ದು ಭಗ್ಗೆಂದು, ಬೆಂಕಿ ಕಿವಿಯ ಮೂಲಕ ಒಳಗಿನ ಮದ್ದಿಗೆ ತಲುಪಿ ಗುಂಡು ಹಾರುತ್ತದೆ. ಇಷ್ಟೂ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಗಾಳಿಯಲ್ಲಿ ಪಸೆ ಹೆಚ್ಚಿದರೆ, ಕಲ್ಲಿನ ಅಂಚು ಮೊಂಡಾದರೆ, ಕಿವಿಯಲ್ಲಿ ಮಸಿ ಕಟ್ಟಿಕೊಂಡರೆ ಕೋವಿ ಹಾರುವುದಿಲ್ಲ.

ಕೆರೆತ ತಿಂದು ತಿಂದು ಉಕ್ಕಿನ ತಗಡು ಸವೆಯುತ್ತದೆ. ಆಗ ಅದರ ಮುಖಕ್ಕೆ ಹೊಸ ಉಕ್ಕಿನ ಪಟ್ಟಿ ಕೂರಿಸಿಕೊಡುತ್ತಿದ್ದರು, ನಾವು ಸವೆದ ಚಪ್ಪಲಿಗೆ ಅಟ್ಟೆ ಹಾಕಿಸುವ ಹಾಗೆ. ಹಳೆಯ ಕೋವಿಯಲ್ಲಿ ಇಂಥ ಅಟ್ಟೆ ಕಂಡರೆ ದೋಷವೆಂದು ಮುಖ ತಿರುಗಿಸಬೇಕಿಲ್ಲ. ಅದು ದುಡಿದ ಕೋವಿ.

ಗಿಡ್ಡ ಕೋವಿ ಉದ್ದವಾದದ್ದು

ಈ ಕಸುಬು ಅಮೆರಿಕಕ್ಕೆ ಬಂದದ್ದು ಜರ್ಮನ್ ಭಾಷೆಯಾಡುವ ಜನರ ಜೊತೆ. 18ನೇ ಶತಮಾನದ ಮೊದಲರ್ಧದಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದ ಕುಟುಂಬಗಳು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್, ಬರ್ಕ್ಸ್, ಯಾರ್ಕ್, ನಾರ್ಥಾಂಪ್ಟನ್ ಸೀಮೆಗಳಲ್ಲಿ ನೆಲೆ ನಿಂತವು. ಅವರಲ್ಲಿದ್ದ ಕೋವಿ ಕಮ್ಮಾರರಿಗೆ ಗೊತ್ತಿದ್ದುದು ‘ಯೇಗರ್’, ಅಂದರೆ ಬೇಟೆಗಾರನ ರೈಫಲ್. ಅದು ಗಿಡ್ಡ, ಭಾರ, ದಪ್ಪ ಗುಂಡಿನದು.

ಅಮೆರಿಕದ ಕಾಡಿನಲ್ಲಿ ವಾರಗಟ್ಟಲೆ ಅಲೆಯುವವನಿಗೆ ಮದ್ದು, ಸೀಸ ಎರಡೂ ದುಬಾರಿ. ಹೊರುವ ಬೆನ್ನೂ ತನ್ನದೇ. ಅದಕ್ಕೇ ಗುಂಡು ಚಿಕ್ಕದಾಯಿತು. ಒಂದು ಪೌಂಡ್ ಸೀಸದಿಂದ ಬ್ರಿಟಿಷ್ ಸೈನ್ಯದ ಮಸ್ಕೆಟ್ಟಿಗೆ ಹದಿನಾಲ್ಕು ಗುಂಡು ಎರೆಯಬಹುದಾದರೆ, 0.45 ಇಂಚಿನ ರೈಫಲ್ಲಿಗೆ ಐವತ್ತರಷ್ಟು ಬರುತ್ತವೆ. ನಳಿಗೆ ಉದ್ದವಾಯಿತು, 42ರಿಂದ 46 ಇಂಚು ಮಾಮೂಲಿ. ಉದ್ದ ನಳಿಗೆಯಲ್ಲಿ ಮದ್ದು ಚೆನ್ನಾಗಿ ಉರಿದು ತಳ್ಳಲು ಅವಕಾಶ ಸಿಗುತ್ತದೆ. ಗುರಿ ಹಿಡಿಯಲು ಹಿಂದಿರುವ ಸೀಳಿಗೂ ತುದಿಯಲ್ಲಿರುವ ಮೊಳೆಯಂಥ ತುಣುಕಿಗೂ ನಡುವೆ ಅಂತರ ಹೆಚ್ಚುವುದರಿಂದ ಕಣ್ಣಿನ ತಪ್ಪೂ ಕಡಿಮೆಯಾಗುತ್ತದೆ.

ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಾದರೂ ಜನರ ಬಾಯಲ್ಲಿ ಇದು ‘ಕೆಂಟಕಿ ರೈಫಲ್’. 1815ರ ಜನವರಿ 8ರ ನ್ಯೂ ಆರ್ಲಿಯನ್ಸ್ ಕಾಳಗದ ನಂತರ, ಕೆಂಟಕಿಯ ಬೇಟೆಗಾರರನ್ನು ಹೊಗಳುವ ಒಂದು ಹಾಡು ದೇಶವೆಲ್ಲ ಹಬ್ಬಿತು. ಹೆಸರು ಅಲ್ಲಿಂದ ಅಂಟಿಕೊಂಡಿತು.

ಇದೇ ಪೆನ್ಸಿಲ್ವೇನಿಯಾಕ್ಕೆ ನಮ್ಮ ಮೈಸೂರಿನ ಹೆಸರೂ ಗೊತ್ತಿತ್ತು. 1782ರಲ್ಲಿ ಆ ರಾಜ್ಯ ಡೆಲವೇರ್ ಕೊಲ್ಲಿಯ ಕಾವಲಿಗೆ ಸಜ್ಜುಗೊಳಿಸಿದ ಯುದ್ಧನೌಕೆಯ ಹೆಸರು ‘ಹೈದರ್ ಅಲಿ’. ಬ್ರಿಟಿಷರ ವಿರುದ್ಧ ಅಲ್ಲಿ ಅವರು, ಇಲ್ಲಿ ಹೈದರ್ ಹೋರಾಡುತ್ತಿದ್ದ ಕಾಲ ಅದು. ಆ ನೌಕೆ ಏಪ್ರಿಲ್ 8ರಂದು ತನಗಿಂತ ಬಲವಾಗಿದ್ದ ‘ಜನರಲ್ ಮಂಕ್’ ಹಡಗನ್ನು ಸೋಲಿಸಿತು. ಅದರ ಕಪ್ತಾನ ಜೋಶುವಾ ಬಾರ್ನಿಯ ಜೀವನಕಥನದಲ್ಲಿ ಬಕ್ಸ್ ಕೌಂಟಿಯ ರೈಫಲ್ ಗುರಿಕಾರರು ಆ ಹಡಗಿನಲ್ಲಿದ್ದ ಪ್ರಸಂಗ ಬರುತ್ತದೆ. ಹೈದರನ ಹೆಸರಿನ ಹಡಗಿನ ಮೇಲೆ ಪೆನ್ಸಿಲ್ವೇನಿಯಾದ ಗುರಿಕಾರರು: ಇತಿಹಾಸದಲ್ಲಿ ನನಗೆ ಬಹಳ ಹಿಡಿಸುವ ಚಿತ್ರಗಳಲ್ಲಿ ಇದೂ ಒಂದು.

ಕುಲುಮೆಯಲ್ಲಿ ನಳಿಗೆ

ಇಡೀ ಕೋವಿಯಲ್ಲಿ ಅತಿ ಹೆಚ್ಚು ಬೆವರು ಬಸಿಯುವುದು ನಳಿಗೆಗೆ. ಉದ್ದನೆಯ, ಚಪ್ಪಟೆಯಾದ ಮೆದು ಕಬ್ಬಿಣದ ಪಟ್ಟಿಯೊಂದನ್ನು ಕುಲುಮೆಯಲ್ಲಿ ಕಾಯಿಸಿ, ಸರಳಿನ ಸುತ್ತ ಅಂಚಿಗೆ ಅಂಚು ಕೂಡುವಂತೆ ಬಾಗಿಸುತ್ತಾರೆ. ಆಮೇಲೆ ಒಂದೊಂದೇ ಗೇಣನ್ನು ಬಿಳುಪೇರುವ ತನಕ ಕಾಯಿಸಿ ಬಡಿದು ಬೆಸೆಯುವುದು. ಸರಳು ತಣ್ಣಗಿದ್ದು ಕಬ್ಬಿಣದ ಬಿಸಿಯನ್ನು ಹೀರುತ್ತದೆ, ಆದ್ದರಿಂದ ಅದನ್ನು ತಟ್ಟನೆ ತೂರಿಸಿ, ನಾಲ್ಕು ಏಟು ಹಾಕಿ, ಹಿಡಿದುಕೊಳ್ಳುವ ಮೊದಲೇ ಎಳೆದುಬಿಡಬೇಕು. ಕಾವು ತುಸು ಕಡಿಮೆಯಾದರೆ ಬೆಸುಗೆ ಕೂಡುವುದಿಲ್ಲ. ಹೆಚ್ಚಾದರೆ ಕಬ್ಬಿಣವೇ ಉರಿದುಹೋಗುತ್ತದೆ. ಹುಸಿಬೆಸುಗೆ ಉಳಿದ ನಳಿಗೆ ಮುಂದೊಂದು ದಿನ ಕೆನ್ನೆಯ ಪಕ್ಕದಲ್ಲೇ ಸಿಡಿಯಬಹುದು.

ಬೆಸೆದ ಕೊಳವೆಯನ್ನು ಒಳಗಿನಿಂದ ಕೊರೆದು ಹದ ಮಾಡಿ, ನೆಟ್ಟಗಿದೆಯೇ ಎಂದು ಪರೀಕ್ಷಿಸಿ, ಹೊರಮೈಯನ್ನು ಎಂಟು ಮುಖವಾಗಿ ಅರದಿಂದ ಉಜ್ಜುತ್ತಾರೆ. ಹಳೆಯ ನಳಿಗೆಗಳು ಈ ತುದಿಯಿಂದ ಆ ತುದಿಗೆ ಒಂದೇ ದಪ್ಪವಾಗಿರುವುದಿಲ್ಲ. ಮದ್ದು ಸಿಡಿಯುವ ಬುಡದಲ್ಲಿ ದಪ್ಪ, ಮುಂದೆ ಹೋದಂತೆ ಸಣ್ಣ, ಬಾಯಿಯ ಹತ್ತಿರ ಮತ್ತೆ ತುಸು ಅರಳುತ್ತದೆ. ಕೈಗೆತ್ತಿದರೆ ಭಾರ ಸರಿಯಾದ ಜಾಗದಲ್ಲಿ ಕೂರುವುದು ಈ ಆಕಾರದಿಂದ. ಗಾಜಿನ ಆಚೆಯಿಂದ ನೋಡುವಾಗಲೂ, ನಳಿಗೆಯ ಅಂಚಿನ ಗೆರೆಯನ್ನೇ ಕಣ್ಣಲ್ಲಿ ಹಿಂಬಾಲಿಸಿದರೆ ಈ ಬಳುಕು ಕಾಣುತ್ತದೆ.

ಕೊನೆಯದು ತೋಡು ಕೊರೆಯುವ ಕೆಲಸ. ಮೈಮೇಲೆ ಸುರುಳಿಗೆರೆ ಕೊರೆದ ಮರದ ದಿಂಡೊಂದನ್ನು ಮಣೆಯ ಮೇಲೆ ಕೂರಿಸಿರುತ್ತಾರೆ. ಅದನ್ನು ನೂಕಿದರೆ ಸುರುಳಿಯಂತೆ ತಿರುಗುತ್ತ ಮುಂದೆ ಹೋಗುತ್ತದೆ. ಅದರ ತುದಿಯ ಸರಳಿನಲ್ಲಿರುವ ಪುಟ್ಟ ಹಲ್ಲು ನಳಿಗೆಯೊಳಗೆ ಅದೇ ಸುರುಳಿಯನ್ನು ಗೀಚುತ್ತದೆ. ಒಂದು ಸಲಕ್ಕೆ ಕೂದಲೆಳೆಯಷ್ಟು ಕಬ್ಬಿಣ ಏಳುತ್ತದೆ. ಹಲ್ಲಿನ ಅಡಿಗೆ ಕಾಗದದ ತುಣುಕು ಸೇರಿಸಿ ತುಸು ಎತ್ತರಿಸಿ ಮತ್ತೆ ನೂಕಬೇಕು. ಹೀಗೆ ಒಂದೊಂದೇ ತೋಡು, ಸಾಮಾನ್ಯವಾಗಿ ಏಳು. ಸುರುಳಿ ಒಂದು ಪೂರ್ತಿ ಸುತ್ತು ಬರುವುದಕ್ಕೆ ಸುಮಾರು ನಾಲ್ಕು ಅಡಿ ಬೇಕು, ಅಂದರೆ ಹೆಚ್ಚುಕಡಿಮೆ ನಳಿಗೆಯ ಉದ್ದವೇ. ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ಈ ಕೆಲಸವನ್ನು ಹಳೆಯ ವಿಧಾನದಲ್ಲೇ ಮಾಡುವ ಕಮ್ಮಾರರಿದ್ದಾರೆ. ಆ ಕಡೆ ಹೋದವರು ನೋಡಿ ಬರಬಹುದು.

ಒಬ್ಬನೇ ಕುಶಲಕರ್ಮಿ ತಲೆಯಿಂದ ಬುಡದವರೆಗೆ ಎಲ್ಲವನ್ನೂ ಮಾಡುತ್ತಿದ್ದ ಎಂಬ ಮಾತು ಅರ್ಧ ಮಾತ್ರ ನಿಜ. ಕುದುರೆಯಿರುವ ಯಂತ್ರ ಎಷ್ಟೋ ಸಲ ಇಂಗ್ಲೆಂಡ್ ಅಥವಾ ಜರ್ಮನಿಯಿಂದ ತರಿಸಿದ್ದು. ನಳಿಗೆಯನ್ನೇ ಮಾಡಿ ಮಾರುವ ಕೊರೆಗಿರಣಿಗಳಿದ್ದವು. ಅಂಗಡಿಯಲ್ಲಿ ಕಲಿಯುವ ಹುಡುಗರಿರುತ್ತಿದ್ದರು. ಇವನ್ನೆಲ್ಲ ಒಂದು ಜೀವವಾಗಿ ಕೂಡಿಸುವುದು, ಮರಕ್ಕೆ ರೂಪ ಕೊಡುವುದು ಯಜಮಾನನ ಕೈ.

ಮೇಪಲ್ ಮರದ ಹುಲಿಪಟ್ಟೆ

ನಳಿಗೆಯ ಬಾಯಿವರೆಗೂ ಅಡಿಯಲ್ಲಿ ಸಾಗುವ ಮರ ಮೇಪಲ್. ಅದರಲ್ಲೂ ನಾರು ನೆಟ್ಟಗಿರದೆ ಅಲೆಯಲೆಯಾಗಿ ಬೆಳೆದ ದಿಮ್ಮಿಯನ್ನು ಆರಿಸುತ್ತಿದ್ದರು. ಅಂಥ ಮರವನ್ನು ಸೀಳಿದಾಗ ಅಡ್ಡಪಟ್ಟೆಗಳು ಕಾಣುತ್ತವೆ; ಅಲ್ಲಿನವರೂ ಅದನ್ನು ಹುಲಿಪಟ್ಟೆ ಎಂದೇ ಕರೆಯುತ್ತಾರೆ. ಅಲೆ ಮೇಲೆದ್ದ ಕಡೆ ನಾರಿನ ಬಾಯಿ ತೆರೆದಿರುತ್ತದೆ, ಬಣ್ಣ ಹೆಚ್ಚು ಕುಡಿಯುತ್ತದೆ. ಇಳಿದ ಕಡೆ ಕಡಿಮೆ. ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲವನ್ನು ಸವರಿ ಕೆಂಡದ ಕಾವು ತೋರಿಸಿದರೆ ಬಿಳಿಮರ ಕೆಂಗಂದಾಗಿ, ಪಟ್ಟೆಗಳು ಎದ್ದುಬರುತ್ತವೆ. ಮೇಲೆ ಎಣ್ಣೆಯ ವಾರ್ನಿಷ್. ನವಿಲುಗತ್ತಿನ ಬಣ್ಣದ ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದು ಆಡಿಸಿದಾಗ ಬಣ್ಣ ಜಾಗ ಬದಲಿಸುತ್ತದಲ್ಲ, ಈ ಪಟ್ಟೆಗಳೂ ಹಾಗೆ. ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಕಪ್ಪಿದ್ದದ್ದು ಹೊನ್ನಾಗುತ್ತದೆ.

ಅಲೆಯ ನಾರು ಕೆತ್ತುವವನಿಗೆ ವೈರಿ. ಉಳಿ ಒಂದು ಗೆರೆಯಲ್ಲಿ ಸಲೀಸಾಗಿ ಹೋಗಿ, ಅರ್ಧ ಇಂಚಿನಾಚೆ ನಾರಿನ ದಿಕ್ಕು ತಿರುಗಿದ್ದಕ್ಕೆ ಸಿಬಿರು ಎಬ್ಬಿಸುತ್ತದೆ. ಅಂಥ ಮರದಲ್ಲಿ ಕೆನ್ನೆ ಆನಿಸುವ ಜಾಗದ ಹಿಂದೆ ಬಳ್ಳಿ, ಸುರುಳಿಗಳನ್ನು ಉಬ್ಬಾಗಿ ಬಿಡಿಸುತ್ತಿದ್ದರು. ಒಳ್ಳೆಯ ಕೆಲಸದಲ್ಲಿ ಎಲೆಯ ತುದಿ ಮರದ ಮೈಗೆ ಕರಗಿಹೋಗುತ್ತದೆ. ಎಲ್ಲಿ ಮುಗಿಯಿತು ಎಂದು ಬೆರಳಿಗೂ ತಿಳಿಯುವುದಿಲ್ಲ.

ಬಲಬದಿಯ ಹಿಂಭಾಗದಲ್ಲಿ ಒಂದು ಪುಟ್ಟ ಗೂಡಿದೆ, ಗುಂಡಿಗೆ ಸುತ್ತುವ ಬಟ್ಟೆಚೂರು, ಕೊಬ್ಬು ಇಡಲು. ಮೊದಮೊದಲು ಅದಕ್ಕೆ ಜಾರುವ ಮರದ ಮುಚ್ಚಳ. ಆಮೇಲೆ ಹಿತ್ತಾಳೆಯ ಕೀಲುಮುಚ್ಚಳ ಬಂತು. ಅದರ ಸುತ್ತ ಹೂವು, ಬಳ್ಳಿಯ ಆಕಾರದ ತಗಡುಗಳನ್ನು ಮರದೊಳಕ್ಕೆ ಕೂದಲೂ ತೂರದಂತೆ ಕೂರಿಸಿದರು. ಕಾಣದ ಗುಂಡಿಯೊಂದನ್ನು ಒತ್ತಿದರೆ ಮುಚ್ಚಳ ಟಕ್ಕನೆ ತೆರೆಯುತ್ತದೆ. ನಮ್ಮಲ್ಲಿನ ಅಡಕೆ ಪೆಟ್ಟಿಗೆಗಳ ಕುಸುರಿ ನೆನಪಾಗುತ್ತದೆ. ಬೆಳ್ಳಿ ನಾಣ್ಯವನ್ನು ತಟ್ಟಿ ಮಾಡಿದ ಚಂದ್ರ, ಎಂಟು ಮೊನೆಯ ನಕ್ಷತ್ರಗಳೂ ಮರದಲ್ಲಿ ಕೂತಿರುತ್ತವೆ.

ಯಾವ ಊರಿನ ಕೈ?

ಸೆರಗಿನ ತೋಪು ತೆನೆ ನೋಡಿ ಇಳಕಲ್ ಸೀರೆ ಎನ್ನುವವರಿಗೆ ಹೆಸರಿನ ಚೀಟಿ ಬೇಕಿಲ್ಲ. ಉದ್ದ ಕೋವಿಯನ್ನು ಬಲ್ಲವರೂ ಹಾಗೆಯೇ ಭುಜಕ್ಕೆ ಆನಿಸುವ ಬುಡದ ಓರೆ, ಗೂಡಿನ ಮುಚ್ಚಳ, ಕೆತ್ತನೆ ನೋಡಿ ಊರು ಹೇಳುತ್ತಾರೆ. ಲ್ಯಾಂಕಾಸ್ಟರಿನ ಕೋವಿಯ ಬುಡದ ಮೇಲಂಚು ಅಡ್ಡಿಯಿಲ್ಲದ ನೇರ ಗೆರೆ. ಹಿತ್ತಾಳೆ ಮುಚ್ಚಳದ ತುದಿಯಲ್ಲಿ ಡೇಸಿ ಹೂವು. ಲೀಹೈ ಕಣಿವೆಯಲ್ಲಿ ಬುಡ ಮೃದುವಾಗಿ ಬಾಗುತ್ತದೆ. ಬೆಡ್‌ಫರ್ಡ್ ಕಡೆಯವು ನೀಳ, ಕೃಶ.

ಲ್ಯಾಂಕಾಸ್ಟರಿನ ಜೇಕಬ್ ಡಿಕರ್ಟ್ 1740ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವನು. ‘ಡಿಕರ್ಟ್’ ಎಂದರೆ ಒಂದು ಮಾದರಿಯ ಕೋವಿ ಎನ್ನುವಷ್ಟು ಅವನ ಹೆಸರು ಗಡಿನಾಡಿನಲ್ಲಿ ಹರಡಿತ್ತು. ಕಳುವಾಗಿ ಸಿಕ್ಕ ಆ ಕೋವಿಯನ್ನು ಮಾಡಿದ ಓರ್ಟರ್ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದವನು. ನಜರೆತ್ ಪಟ್ಟಣದ ಹತ್ತಿರವಿದ್ದ ಆ ಪಂಗಡದ ಸಾಮೂಹಿಕ ನೆಲೆಯಲ್ಲಿ ಆಂಡ್ರಿಯಾಸ್ ಅಲ್ಬ್ರೆಕ್ಟ್ ಎಂಬ ಗುರುವಿನ ಬಳಿ ಕಲಿತು, ಅಲ್ಲಿನ ಕೋವಿಶಾಲೆಯನ್ನು ನಡೆಸಿ, 1777ರಲ್ಲಿ ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡ. ಹಿತ್ತಾಳೆ, ಬೆಳ್ಳಿಯ ತಂತಿಯನ್ನು ಮರದ ಗೀರಿನಲ್ಲಿ ಕೂರಿಸಿ ಬಳ್ಳಿ ಬಿಡಿಸುವುದು ಅವನ ಕೈಚಳಕ. 1775ರಲ್ಲೇ ಅವನು ಮಾಡಿದ ಇನ್ನೊಂದು ಕೋವಿ ಬ್ರಿಟನ್ನಿನ ರಾಜಮನೆತನದ ವಿಂಡ್ಸರ್ ಸಂಗ್ರಹದಲ್ಲಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ವಸ್ತುಗಳು ಹೋಗಿ ಸೇರಿದ ಸಂಗ್ರಹವೂ ಅದೇ.

‘ಸ್ಥಿತಿ’ ಎಂದರೆ ಹೊಳಪಲ್ಲ

ಹಳೆಯ ಕೋವಿಯ ಸ್ಥಿತಿ ಚೆನ್ನಾಗಿದೆ ಎಂದರೆ ಅದು ಮಿರಮಿರ ಮಿಂಚುತ್ತಿದೆ ಎಂದಲ್ಲ. ಮಾಡಿದವನ ಕೈ ಮತ್ತು ಬಳಸಿದವರ ಕೈ ಅದರ ಮೇಲೆ ಎಷ್ಟು ಉಳಿದಿದೆ ಎಂದು. ಹಳೆಯ ಮನೆಯ ಕೆತ್ತನೆಯ ಕಂಬಕ್ಕೆ ಉಪ್ಪುಕಾಗದ ಉಜ್ಜಿ ಹೊಸ ವಾರ್ನಿಷ್ ಬಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಕಂಬ ಹೊಳೆಯುತ್ತದೆ, ಆದರೆ ಗಿಣಿಯ ಕೊಕ್ಕು, ಬಳ್ಳಿಯ ಮೊನೆ ಮಾಯವಾಗಿರುತ್ತದೆ. ಕೋವಿಗೂ ಅದಕ್ಕಿಂತ ದೊಡ್ಡ ಕೇಡು ಬೇರೆ ಇಲ್ಲ. ಮುರಿದದ್ದನ್ನು ಜೋಡಿಸಬಹುದು, ಉಜ್ಜಿ ಹೋದದ್ದು ಬರುವುದಿಲ್ಲ.

ಹಾಗಾಗಿ ಸಂಗ್ರಾಹಕರು ಎಲ್ಲಕ್ಕಿಂತ ಆಸೆಪಡುವುದು ಅಟ್ಟದಿಂದ ಈಗಷ್ಟೇ ಇಳಿಸಿದಂಥ ಕೋವಿಗೆ: ಕೊಳೆ ಕೂತಿರಲಿ, ಹಿತ್ತಾಳೆ ಕಪ್ಪಾಗಿರಲಿ, ಯಾರೂ ಕೈಯಾಡಿಸಿರಬಾರದು.

ಸವೆತಕ್ಕೂ ಒಂದು ನ್ಯಾಯವಿದೆ. ಹಳೆಯ ದೇವಸ್ಥಾನದ ಮೆಟ್ಟಿಲು ನಡುವೆ ಸವೆಯುತ್ತದೆ, ಅಂಚಿನಲ್ಲಲ್ಲ. ಕೋವಿಯಲ್ಲಿ ಎಡಗೈ ಹಿಡಿಯುವ ಜಾಗದ ಅಂಚು ದುಂಡಾಗುತ್ತದೆ, ಕೆನ್ನೆ ತಾಗುವಲ್ಲಿ ಮರ ಕಪ್ಪೇರಿ ನುಣುಪಾಗುತ್ತದೆ, ನೆಲಕ್ಕೆ ಊರುವ ಬುಡದ ಮೂಲೆ ಜಜ್ಜಿರುತ್ತದೆ, ಗಜ ಉಜ್ಜಿ ಉಜ್ಜಿ ನಳಿಗೆಯ ಬಾಯಿ ಅಗಲವಾಗುತ್ತದೆ. ಉಬ್ಬುಕೆತ್ತನೆಯ ನೆತ್ತಿ ಸವೆದಿದ್ದರೂ ತಗ್ಗಿನಲ್ಲಿ ಉಳಿಯ ಗುರುತು ಚೂಪಾಗಿಯೇ ಇರುತ್ತದೆ. ಎಲ್ಲ ಕಡೆ ಒಂದೇ ಸಮ ಸವೆದ ಕೋವಿಯನ್ನು ಕಂಡರೆ, ಸವೆಸಿದ್ದು ಬಳಕೆಯಲ್ಲ, ಉಪ್ಪುಕಾಗದ ಎಂದು ಅನುಮಾನಿಸಬೇಕು.

ಮರ ಇನ್ನೂ ಒಂದು ಸಾಕ್ಷಿ ಹೇಳುತ್ತದೆ. ಅದು ವರ್ಷ ಕಳೆದಂತೆ ನಾರಿಗೆ ಅಡ್ಡಲಾಗಿ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಬುಡದ ಹಿತ್ತಾಳೆ ಕಟ್ಟನ್ನು ಮಾಡಿದವನು ಮರದ ಮಟ್ಟಕ್ಕೇ ಉಜ್ಜಿರುತ್ತಾನೆ, ಆದರೆ ಎರಡು ಶತಮಾನದ ನಂತರ ಹಿತ್ತಾಳೆಯ ಅಂಚು ಮರದಿಂದ ತುಸು ಹೊರಗೆ ನಿಂತಿರುತ್ತದೆ. ಉಗುರಾಡಿಸಿದರೆ ತಡೆಯುತ್ತದೆ.

ಇನ್ನು ರಿಪೇರಿಗಳು. ಮಣಿಕಟ್ಟಿನಂತೆ ಸಣ್ಣಗಿರುವ ಜಾಗದಲ್ಲಿ ಬಿರುಕು ಸಾಮಾನ್ಯ. ಹಿತ್ತಾಳೆ ಪಟ್ಟಿ ಸುತ್ತಿ ಬಿಗಿದಿರುತ್ತಾರೆ. ನಳಿಗೆಯಡಿಯ ತೆಳುಮರ ಮುರಿದು ಬೇರೆ ಮರ ಸೇರಿಸಿರುತ್ತಾರೆ. ಗಜ ಬದಲಾಗಿರುತ್ತದೆ. ತೋಡುಗಳು ಸವೆದಾಗ ಮತ್ತೆ ಕೊರೆಸಿ ಆಳ ಮಾಡಿಸುತ್ತಿದ್ದರು. ಪ್ರತಿ ಸಲವೂ ನಳಿಗೆ ಅಗಲವಾಗಿ ದಪ್ಪ ಗುಂಡು ಬೇಕಾಗುತ್ತಿತ್ತು. ಕೆಲವೊಮ್ಮೆ ಬೆಂಕಿ ತಿಂದು ಕಿವಿ ಅಗಲವಾದರೆ ನಳಿಗೆಯ ಬುಡವನ್ನೇ ಒಂದೆರಡು ಇಂಚು ಕತ್ತರಿಸಿ, ಉಳಿದದ್ದನ್ನು ಹಿಂದಕ್ಕೆ ಸರಿಸಿ ಕೂರಿಸುತ್ತಿದ್ದರು. ಆಗ ನಳಿಗೆಯನ್ನು ಮರಕ್ಕೆ ಹಿಡಿಸಿದ ಮೊಳೆಗಳ ತೂತುಗಳು ಎರಡೆರಡು ಕಡೆ ಕಾಣುತ್ತವೆ.

ಕೇಪು ಬಂದ ಮೇಲೆ

ಮಲೆನಾಡಿನಲ್ಲಿ ಕೇಪಿನ ಕೋವಿ ಎಂಬ ಮಾತು ಎಲ್ಲರಿಗೂ ಗೊತ್ತು. ಏಟು ಬಿದ್ದರೆ ಸಿಡಿಯುವ ರಾಸಾಯನಿಕವಿರುವ ಪುಟ್ಟ ತಾಮ್ರದ ಟೋಪಿಯೇ ಕೇಪು. ಏಟಿಗೆ ಸಿಡಿಯುವ ಈ ತತ್ವಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೇಟೆಂಟ್ ಪಡೆದಿದ್ದ. 1830ರ ಹೊತ್ತಿಗೆ ಕೇಪು ಚಾಲ್ತಿಗೆ ಬರುತ್ತಿದ್ದಂತೆ, ಮಳೆಗೆ ಹೆದರುವ ಚಕಮಕಿ ಯಾರಿಗೂ ಬೇಡವಾಯಿತು. ಹೊಸ ಕೋವಿ ಕೊಳ್ಳುವ ಬದಲು ಜನ ಹಳೆಯದನ್ನೇ ಬದಲಿಸಿಕೊಂಡರು. ಬಟ್ಟಲು, ಉಕ್ಕಿನ ತಗಡು ಕಿತ್ತುಹಾಕಿ, ಕಿವಿಯನ್ನು ಅಗಲಿಸಿ, ಕೇಪು ಕೂರುವ ತೊಟ್ಟನ್ನು ತಿರುಪಿ, ಕುದುರೆಗೆ ಬದಲು ಸುತ್ತಿಗೆ ಹಾಕಿಸಿದರು.

ನೂರು ವರ್ಷದ ಮೇಲೆ ಸಂಗ್ರಾಹಕರಿಗೆ ಚಕಮಕಿಯೇ ಬೇಕಾಯಿತು. ಆಗ ಅದೇ ಕೋವಿಗಳನ್ನು ಮತ್ತೆ ಚಕಮಕಿಗೆ ತಿರುಗಿಸಿದರು. ಹೀಗಾಗಿ ಇಂದು ಕಾಣುವ ಚಕಮಕಿ ಕೋವಿ ಮೂಲದಿಂದಲೇ ಹಾಗಿತ್ತೇ, ಮರಳಿ ಮಾಡಿದ್ದೇ ಎಂಬುದು ದೊಡ್ಡ ಪ್ರಶ್ನೆ. ಬೆಲೆಯೂ ಅದರ ಮೇಲೆ ನಿಂತಿದೆ. ಉತ್ತರ ಕಿವಿಯ ಸುತ್ತಲೇ ಇದೆ. ಬಟ್ಟಲಿನಲ್ಲಿ ಸಾವಿರ ಸಲ ಮದ್ದು ಉರಿದಿದ್ದರೆ ಅದರ ಪಕ್ಕದ ನಳಿಗೆಯ ಮುಖವೂ ತೂತುತೂತಾಗಿ ಸವೆದಿರಬೇಕು. ನಳಿಗೆ ಸವೆದಿದ್ದು ಬಟ್ಟಲು ನುಣ್ಣಗಿದ್ದರೆ, ಅಥವಾ ಬಟ್ಟಲು ಸವೆದು ನಳಿಗೆ ನುಣ್ಣಗಿದ್ದರೆ, ಎರಡೂ ಒಟ್ಟಿಗೆ ಬಾಳಿದವಲ್ಲ. ಕಿವಿಯ ಸುತ್ತ ತೆಳುವಾದ ಉಂಗುರದ ಗುರುತಿದ್ದರೆ, ಅಗಲಿಸಿದ್ದ ತೂತನ್ನು ಬೆಣೆ ಹೊಡೆದು ಮುಚ್ಚಿದ್ದಾರೆ. ಯಂತ್ರದ ಫಲಕದಲ್ಲಿ ತುಂಬಿ ಮುಚ್ಚಿದ ಸ್ಕ್ರೂ ತೂತುಗಳು ಅದೇ ಕಥೆ ಹೇಳುತ್ತವೆ. ಮರಳಿ ಮಾಡಿದ್ದು ತಪ್ಪಲ್ಲ. ಅದನ್ನು ಹೇಳದೆ ಮಾರುವುದು ತಪ್ಪು.

ಹೆಸರಿನ ವಿಷಯದಲ್ಲೂ ಮೋಸ ನಡೆಯುತ್ತದೆ, ಏಕೆಂದರೆ ಎಷ್ಟೋ ಒಳ್ಳೆಯ ಕೋವಿಗಳಲ್ಲಿ ಹೆಸರೇ ಇಲ್ಲ. ಅನಾಮಧೇಯ ನಳಿಗೆಗೆ ದೊಡ್ಡ ಹೆಸರು ಕೆತ್ತಿದರೆ ಬೆಲೆ ಏರುತ್ತದೆ. ಭೂತಗನ್ನಡಿ ಹಿಡಿದು ಅಕ್ಷರದ ತಳವನ್ನು ನೋಡಬೇಕು. ಹಳೆಯ ಕೆತ್ತನೆಯ ತಳದಲ್ಲಿ ನಳಿಗೆಯ ಮೈಮೇಲಿರುವ ಅದೇ ಕಂದುಪೊರೆ ಇರುತ್ತದೆ. ಹೊಸ ಉಳಿ ಆ ಪೊರೆಯನ್ನು ಕತ್ತರಿಸಿಕೊಂಡು ಹೋಗಿರುತ್ತದೆ, ಅಂಚು ಚೂಪಾಗಿ ಎದ್ದಿರುತ್ತದೆ.

ಒಳಗೆ 150 ವರ್ಷದ ಮದ್ದಿರಬಹುದು

ಹಳೆಯ ಕೋವಿ ಕೈಗೆ ಬಂದರೆ ಹೊಗಳುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಇದು ಪೆನ್ಸಿಲ್ವೇನಿಯಾಕ್ಕೆ ಎಷ್ಟು ನಿಜವೋ ಕೊಡಗಿಗೂ ಅಷ್ಟೇ ನಿಜ. ಕೈಲ್‌ಪೊಳ್ದಿನಂದು ಕೋವಿಗೆ ಹೂವು ಮುಡಿಸಿ ಪೂಜಿಸುವ ಮನೆಗಳಲ್ಲಿ ಅಜ್ಜ ಮುತ್ತಜ್ಜನ ಕಾಲದವು ಇನ್ನೂ ಇವೆ. ಬಾಯಿಂದ ತುಂಬುವ ಕೋವಿ ತುಂಬಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಬೇಟೆ ಸಿಗದೆ ಮನೆಗೆ ಬಂದವನು ತುಂಬಿದ ಕೋವಿಯನ್ನೇ ಗೋಡೆಗೆ ನೇತುಹಾಕಿ ಮರೆತಿರಬಹುದು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ಒಣಗಿದ್ದರೆ ತಲೆಮಾರುಗಳ ನಂತರವೂ ಸಿಡಿಯುತ್ತದೆ. ವಸ್ತುಸಂಗ್ರಹಾಲಯಗಳಿಗೆ ಬಂದ ಕೋವಿಗಳಲ್ಲೂ ತುಂಬಿದವು ಸಿಕ್ಕಿವೆ.

ಪರೀಕ್ಷೆ ಸುಲಭ. ಬಾಯಿಯನ್ನು ಜನರಿಲ್ಲದ ಕಡೆ ತಿರುಗಿಸಿ, ಮುಖ, ಕೈ ಎರಡೂ ಅದರ ನೇರಕ್ಕೆ ಬಾರದಂತೆ ಪಕ್ಕದಲ್ಲಿ ನಿಂತು, ತೆಳುವಾದ ಮರದ ಕೋಲನ್ನು ತಳ ಮುಟ್ಟುವವರೆಗೆ ಮೆಲ್ಲಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕದಲ್ಲಿಟ್ಟು ನೋಡಿ. ಕೋಲಿನ ತುದಿ ಕಿವಿಯವರೆಗೆ ಬರದೆ ಒಂದೆರಡು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ. ಅದನ್ನು ನೀವು ತೆಗೆಯಲು ಹೋಗಬಾರದು, ಬಲ್ಲವರನ್ನು ಕರೆಸಬೇಕು. ಖಾಲಿ ಇದ್ದರೂ ಹಳೆಯ ಅಸಲು ಕೋವಿಯನ್ನು ಹಾರಿಸಿ ನೋಡುವುದು ಬೇಡ. ಒಳಗಿನ ಹುಸಿಬೆಸುಗೆ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.

ಕಾಪಾಡುವುದಕ್ಕೆ ಹೆಚ್ಚಿನ ಸಾಹಸ ಬೇಕಿಲ್ಲ. ಬೆವರಿನ ಉಪ್ಪು ಕಬ್ಬಿಣಕ್ಕೆ ತುಕ್ಕು ತರುತ್ತದೆ, ಕೈಗವಸು ಹಾಕಿಕೊಳ್ಳಿ. ಕುದುರೆಯನ್ನು ಎಳೆದು ಬಿಟ್ಟು ಆಡಬೇಡಿ, ಸ್ಪ್ರಿಂಗ್ ಮುರಿಯುತ್ತದೆ. ಹಿತ್ತಾಳೆಗೆ ಹುಣಸೆಹಣ್ಣು, ಪಾಲಿಷ್ ಎರಡೂ ಬೇಡ. ಮರಕ್ಕೆ ಅಗಸೆ ಎಣ್ಣೆ ಬೇಡ. ಅದು ಧೂಳು ಹಿಡಿದು ಕಪ್ಪಾಗಿ ಅಂಟಿಕೊಂಡರೆ ಬಿಡಿಸಲಾಗದು. ಮೆದುಬಟ್ಟೆಯಲ್ಲಿ ಧೂಳು ಒರೆಸಿ, ಸಂಗ್ರಹಾಲಯಗಳಲ್ಲಿ ಬಳಸುವ ಮೇಣವನ್ನು ತೆಳ್ಳಗೆ ಸವರಿದರೆ ಸಾಕು. ಬಿಸಿಲು ಬೀಳುವ ಗೋಡೆ, ಒಲೆಯ ಪಕ್ಕ, ಮಳೆಗಾಲದಲ್ಲಿ ಒಸರುವ ಮೂಲೆ, ಮೂರೂ ಕೆಟ್ಟ ಜಾಗಗಳು. ಹಸಿ ಒಣ ಎಂದು ಗಾಳಿ ಪದೇ ಪದೇ ಬದಲಾದರೆ ಮರ ಹಿಗ್ಗಿ ಕುಗ್ಗಿ ಸೀಳುತ್ತದೆ.

ಮತ್ತು ಆ ಕೋವಿಯ ಬಗ್ಗೆ ಮನೆಯ ಹಿರಿಯರು ಏನು ಹೇಳುತ್ತಾರೋ ಕೇಳಿ, ಬರೆದಿಡಿ: ಯಾರದು, ಎಲ್ಲಿಂದ ಬಂತು, ಯಾವಾಗ ರಿಪೇರಿಯಾಯಿತು, ಮಾಡಿದವರು ಯಾರು. ಎರಡು ಬದಿಯ ಫೋಟೋ, ಕೆತ್ತಿದ ಅಕ್ಷರದ ಹತ್ತಿರದ ಫೋಟೋ ತೆಗೆದಿಡಿ. ವ್ಯಾಲಿ ಫೋರ್ಜ್‌ನಿಂದ ಕಳುವಾದ ಕೋವಿ 47 ವರ್ಷ ಕೈಯಿಂದ ಕೈಗೆ ದಾಟಿತೋ, ಒಂದೇ ಕಡೆ ಮಲಗಿತ್ತೋ, ಅಂತೂ ಸಿಕ್ಕ ದಿನ ಅದರ ನಳಿಗೆಯ ಮೇಲೆ ಹೆಸರು, ಊರು, ಇಸವಿ ಹಾಗೆಯೇ ಇದ್ದವು.